ಅಜ್ಜ, ಒಲೆ ಮತ್ತು ಸಾಬೂನಿನ ಪೆಟ್ಟಿಗೆ

ಫೆಬ್ರವರಿ ೨೬, ಮಂಗಳವಾರ

ಬಂದರಿನ ಬೆಂಚಿನ ಬಗ್ಗೆ ಪತ್ರಿಕೆಗೆ ಬರೆಯುತ್ತ ಕುಳಿತಿದ್ದೆ. ಅದನ್ನು ಕಿತ್ತುಹಾಕಿ ಆ ಜಾಗದಲ್ಲಿ ಕಾಂಕ್ರೀಟಿನ ಹೂಕುಂಡ ಇಟ್ಟಿದ್ದಾರೆ. ಕುಂಡದಲ್ಲಿ ಹೂವೂ ಇಲ್ಲ. 'ಮೂರು ತಲೆಮಾರಿನ ಮೀನುಗಾರರು ಬೆನ್ನು ಒರಗಿಸಿದ ಹಲಗೆ' ಎಂಬಲ್ಲಿಗೆ ಬಂದಿದ್ದಾಗ ತೀರಿಹೋದ ತಂಗಿ ಕಾರ್ನಾಳ ಮಗಳು ಸೀಸೆಲ್‌ಳ ಫೋನು. ಫೆರಿ ಕಟ್ಟೆಯ ಟಿಕೆಟ್ ಕಿಟಕಿಯಿಂದಲೇ ಮಾಡಿದ್ದಳು. ಹಿಂದೆ ಹಡಗು ಕೂಗುತ್ತಿತ್ತು.

"ದೊಡ್ಡಮ್ಮ, ಆಪರೇಷನ್ ದಿನ ಗೊತ್ತಾಯ್ತು. ಮಾರ್ಚ್ ಇಪ್ಪತ್ತೊಂದು."

ಕುತ್ತಿಗೆಯ ಗಂಟು ಕೆಟ್ಟದ್ದಲ್ಲವಂತೆ. ಅದು ಕುಳಿತಿರುವ ಜಾಗ ಮಾತ್ರ ಕೆಟ್ಟದ್ದು, ದನಿಯ ನರಕ್ಕೆ ಅಂಟಿಕೊಂಡೇ ಇದೆ.

"ಮಾತಿಗೇನೂ ತೊಂದರೆ ಆಗಲ್ಲ, ಟಿಕೆಟ್ ಮಾರಬಹುದು ಅಂದ್ರು ಡಾಕ್ಟರು. ಹಾಡು ಮಾತ್ರ ಉಳಿಯುತ್ತೆ ಅಂತ ಭರವಸೆ ಕೊಡಲ್ಲ ಅಂದ್ರು." ಯಾರಿಗೋ ಚಿಲ್ಲರೆ ಕೊಟ್ಟ ಸದ್ದಾಯಿತು. "ಅಷ್ಟರೊಳಗೆ ಅಮ್ಮನ ಆರು ಹಾಡು ಒಂದ್ಸಲ ಸರಿಯಾಗಿ ಹಿಡಿದು ಇಡೋಣ. ನೀನು ಮಾಡ್ತೀಯಲ್ಲ?"

ಮಾಡ್ತೀಯಲ್ಲ ಅಂತೆ! ರೇಡಿಯೋ ನಾಟಕ ವಿಭಾಗದಲ್ಲಿ ಮೂವತ್ತು ವರ್ಷ ಮೈಕು ಹಿಡಿದವಳನ್ನು ಕೇಳುವ ಮಾತೇ ಇದು? ಪೆನ್ನನ್ನು ಅಲ್ಲೇ ಎಸೆದು ಅಟ್ಟ ಹತ್ತಿದೆ. ಮೊಣಕಾಲು ನೋವೂ ನೆನಪಾಗಲಿಲ್ಲ.

೧೯೯೧ನ್ನು ನಾನು ಮರೆತಿಲ್ಲ. ಕೋಪನ್‌ಹೇಗನ್ನಿನ ಆ ಸುಂಡ್ ಗ್ರಾಮೊಫೋನ್ ಕಂಪನಿ ಇಪ್ಪತ್ತನಾಲ್ಕರ ಸೀಸೆಲ್‌ಳನ್ನು ಕರೆಸಿ, ಯಾವುದೋ ಹೊಸ ಮೈಕಿನ ಮುಂದೆ ನಿಲ್ಲಿಸಿ, ಅವಳ ದನಿಯನ್ನು ತಗಡು ಮಾಡಿ ಕಳಿಸಿತು. 'ಬಂದರಿನ ಕಡಲಕ್ಕಿ ಕೀಚಿದಂತೆ' ಎಂದು ಒಬ್ಬ ವಿಮರ್ಶಕ ಬರೆದ. ಅವನ ಹೆಸರು ನನಗೆ ಗೊತ್ತು. ಇಲ್ಲಿ ಬರೆದು ಹಾಳೆ ಕೆಡಿಸುವುದಿಲ್ಲ. ನಾನು ಮೂರು ಪತ್ರ ಬರೆದೆ, ಒಂದು ಅಚ್ಚಾಯಿತು, ಅದೂ ಬಾಲ ಕತ್ತರಿಸಿಕೊಂಡು. ಅಂದಿನಿಂದ ಸೀಸೆಲ್ ಮದುವೆ ಮನೆಗಳಲ್ಲಿ, ಚರ್ಚಿನ ಗುಂಪಿನಲ್ಲಿ ಹಾಡಿದ್ದಷ್ಟೇ. ಒಂಟಿಯಾಗಿ ಮೈಕಿನ ಮುಂದೆ ಮತ್ತೆ ನಿಂತಿಲ್ಲ.

ಈ ಸಲ ಹಾಗಾಗುವುದಿಲ್ಲ. ಅಟ್ಟದಲ್ಲಿ ಅಜ್ಜ ಇದ್ದಾನೆ, ಒಲೆ ಇದೆ. ಎರಡರ ಧೂಳನ್ನೂ ಒರೆಸಿದೆ.

ಮಾರ್ಚ್ ೨, ಶನಿವಾರ

ಯೆಪ್ಪೆಯ ಸ್ಟುಡಿಯೋ. ಹಿಂದೆ ಅದು ಮೀನಿಗೆ ಹೊಗೆ ಹಾಕುತ್ತಿದ್ದ ಕಟ್ಟಡ. ಗಾಳಿ ತೇವವಾದರೆ ಗೋಡೆಯಿಂದ ಇಂದಿಗೂ ಹೆರಿಂಗ್ ಮೀನಿನ ವಾಸನೆ ಬರುತ್ತದೆ. ನಮ್ಮೂರಲ್ಲಿ ಇರುವ ಸ್ಟುಡಿಯೋ ಅದೊಂದೇ. ಇಲ್ಲದಿದ್ದರೆ ಅಲ್ಲಿ ಕಾಲಿಡುತ್ತಿರಲಿಲ್ಲ.

ಕಾರಣವಿದೆ. ನಮ್ಮ ಪ್ರಾಂತದ ಹಳೆಯ ರೇಡಿಯೋ ಕೇಂದ್ರ ಮುಚ್ಚಿದಾಗ ಸಾಮಾನನ್ನೆಲ್ಲ ಅಂಗಳಕ್ಕೆ ತಂದು ಹರಾಜು ಹಾಕಿದ್ದರು. 'ಹೆಣದ ಸುತ್ತ ರಣಹದ್ದುಗಳು' ಎಂದು ನಾನು ಪತ್ರಿಕೆಯಲ್ಲಿ ಬರೆದೆ. ಯೆಪ್ಪೆ ಆ ಹದ್ದುಗಳಲ್ಲಿ ಒಬ್ಬ. ಅಜ್ಜ ಮತ್ತು ಒಲೆಯನ್ನು ನಾನೂ ಅಲ್ಲಿಂದಲೇ ತಂದೆ, ನಿಜ. ಆದರೆ ನಾನು ಮಾಡಿದ್ದು ರಕ್ಷಣೆ.

ಶೌಚಾಲಯಕ್ಕೆ ಹೋದರೆ ಆ ಪತ್ರದ ತುಣುಕು ಕನ್ನಡಿಯ ಪಕ್ಕದಲ್ಲಿ, ಚೌಕಟ್ಟು ಹಾಕಿಸಿಕೊಂಡು ನೇತಾಡುತ್ತಿದೆ! ಹೊರಬಂದು ಅವನನ್ನು ದುರುಗುಟ್ಟಿ ನೋಡಿದೆ.

"ತುಂಬ ಚೆನ್ನಾಗಿ ಬರೆದಿದ್ರಿ, ಥೋರಾ. ಬಂದೋರೆಲ್ಲ ಓದ್ತಾರೆ, ಕೂತ್ಕೊಂಡು," ಎಂದ.

ನನ್ನ ಪೆಟ್ಟಿಗೆಗಳನ್ನು ಬಿಚ್ಚಿದಾಗ ಸಿಳ್ಳೆ ಹಾಕಿದ. ಅಜ್ಜ ಎಂದರೆ ವಾಲ್ವಿನ ಮೈಕು, ಹಾಲಿನ ಬಾಟಲಿಯಷ್ಟು ಗಾತ್ರ. ಒಲೆ ಅದರ ಜೊತೆಗಾರ ಪ್ರೀಆಂಪ್. ಹೊತ್ತಿಸಿ ಸ್ವಲ್ಪ ಹೊತ್ತಾದರೆ ಅದರ ಮೇಲೆ ರೊಟ್ಟಿ ಬಿಸಿ ಮಾಡಿಕೊಳ್ಳಬಹುದು. ಹಿಂದೆ ಮಾಡಿಕೊಂಡದ್ದೂ ಉಂಟು.

"ಎರಡೆರಡು ಯಾಕೆ ದೊಡ್ಡಮ್ಮ? ಮೈಕು ಸಾಲಲ್ವಾ?" ಎಂದಳು ಸೀಸೆಲ್.

"ಮೈಕು ಕೊಡೋದು ಇರುವೆಯ ಉಸಿರಿನಷ್ಟು ಕರೆಂಟು ಕಣೇ. ಅದನ್ನ ಎತ್ತಿ ದೊಡ್ಡದು ಮಾಡೋದು ಪ್ರೀಆಂಪು. ಎತ್ತುವಾಗ ತನ್ನ ಗುಣವನ್ನೂ ಸೇರಿಸಿಬಿಡುತ್ತೆ."

"ಮದುವೆ ಇದ್ದ ಹಾಗೆ," ಎಂದ ಯೆಪ್ಪೆ. ಅವನಿಗೆ ಎರಡು ಸಲ ಆಗಿದೆ.

ಅವನ ಜೋಡಿಯನ್ನು ನೋಡಿ ನಗು ತಡೆಯಲಾಗಲಿಲ್ಲ. ಚಪ್ಪಟೆಯ ರಿಬ್ಬನ್ ಮೈಕು, ಒಳಗೆ ಉಸಿರು ತಾಗಿದರೆ ಹರಿಯುವಂಥ ಅಲ್ಯೂಮಿನಿಯಮ್ ಎಳೆ. ಪಿಸುಗುಟ್ಟುವ ಸ್ವಭಾವದ್ದು. ಅದಕ್ಕೆ ಜೊತೆಯಾಗಿ ಬೂದು ಬಣ್ಣದ, ದೀಪವಿಲ್ಲದ, ಅಳತೆಯ ಮುಳ್ಳಿಲ್ಲದ ಪುಟ್ಟ ಪ್ರೀಆಂಪು.

"ಇದೇನು, ಸಾಬೂನಿನ ಪೆಟ್ಟಿಗೆಯಾ?"

"ಸಾಬೂನೇ ಅಂದ್ಕೊಳ್ಳಿ. ತನ್ನ ಬಣ್ಣ ಏನೂ ಹಚ್ಚಲ್ಲ. ನಾಲ್ಕು ಥರಾನೂ ಜೋಡಿಸಿ ನೋಡೋಣ. ಮೊದಲು ಸದ್ದಿನ ಮಟ್ಟ ಸರಿದೂಗಿಸ್ತೀನಿ."

"ಮಟ್ಟ ನನ್ನ ಕಿವಿಗೆ ಗೊತ್ತು. ನಾಲ್ಕು ಥರ ಎಲ್ಲ ಬೇಡ. ನಿನ್ನ ಜೋಡಿ, ನನ್ನ ಜೋಡಿ. ಅಷ್ಟೇ."

ಸೀಸೆಲ್ ಒಂದೇ ಚರಣವನ್ನು ಎರಡು ಸಲ ಹಾಡಿದಳು. ಅವನದು ಕಂಬಳಿ ಹೊದ್ದು ಮಲಗಿದಂತೆ ಕೇಳಿಸಿತು. ನನ್ನದು ಬಂದಾಗ ಕೋಣೆಯೇ ಅಗಲವಾಯಿತು! ಎದೆಗೆ ಬಂದು ಬಡಿಯಿತು! ಮತ್ತೆ ಹಾಕಿಸಿದೆ, ಮತ್ತೆ ನಮ್ಮದೇ. ಯೆಪ್ಪೆ ಕೈ ಎತ್ತಿದ. "ಸರಿ. ಗೆದ್ರಿ."

ಮನೆಗೆ ಬರುವಾಗ ದಾರಿಯುದ್ದಕ್ಕೂ ನನ್ನಷ್ಟಕ್ಕೆ ಮಾತಾಡಿಕೊಂಡೆ. ಸೀಸೆಲ್ ಮಾತ್ರ "ಪರವಾಗಿಲ್ಲ" ಎಂದಳು. ಅವಳ ಅಮ್ಮನೂ ಹಾಗೇ, ಹೊಗಳಿಕೆ ಎಂದರೆ ಜಿಪುಣತನ.

ಮಾರ್ಚ್ ೬, ಬುಧವಾರ

ಎರಡು ಹಾಡು ಮುಗಿದವು! ಸ್ಟುಡಿಯೋದ ದೊಡ್ಡ ಸ್ಪೀಕರಿನಲ್ಲಿ ಕೇಳಿ ನನ್ನ ಮೈಮೇಲಿನ ಕೂದಲು ನಿಂತಿತು. ಸುಂಡ್ ಗ್ರಾಮೊಫೋನಿನವರು ಬದುಕಿದ್ದರೆ ಕರೆಸಿ ಕೂರಿಸಿ ಕೇಳಿಸುತ್ತಿದ್ದೆ.

ಹಾಡಿದ ಮೇಲೆ ಸೀಸೆಲ್‌ಗೆ ಗಂಟಲು ಕಟ್ಟುತ್ತದೆ, ಎರಡು ದಿನ ಬಿಡುವು ಬೇಕು. ಪ್ರತಿ ಸರದಿಯೂ ಬೆಲೆಯುಳ್ಳದ್ದು. ಹೋಗುವಾಗ ಅವಳು ಕೇಳಿದಳು: "ದೊಡ್ಡಮ್ಮ, ನಾನು ಹೀಗೇ ಕೇಳಿಸ್ತೀನಾ?"

"ಹೀಗೇ. ಕೊನೆಗೂ!"

ಅವಳು ಶಾಲು ಸುತ್ತಿಕೊಂಡಳು.

ಮಾರ್ಚ್ ೭, ಗುರುವಾರ

ಬೆಳಿಗ್ಗೆ ಅಡುಗೆಮನೆಯಲ್ಲಿ ರೈ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ ಚಿಕ್ಕ ಪ್ಲೇಯರಿನಲ್ಲಿ ಹಾಡು ಹಾಕಿದೆ. ಪಕ್ಕದ ಮನೆಯಲ್ಲಿ ಎಳೆಗೂಸು ಇರುವುದರಿಂದ ಸದ್ದು ಕಡಿಮೆಯಿತ್ತು.

ಕಡಲಕ್ಕಿ.

ಚಾಕು ಕೆಳಗಿಟ್ಟೆ. ಪ್ಲೇಯರಿನ ದೋಷ ಎಂದುಕೊಂಡೆ. ತಂತಿ ಬದಲಿಸಿದೆ. ಕಿಟಕಿ ಮುಚ್ಚಿದೆ. ೧೯೯೧ರ ಅದೇ ತಗಡು, ಅದೇ ಕೀಚಲು, ಕಾರ್ನಾಳ ಹಾಡಿನ ಮೇಲೆ. ನನ್ನ ಅಜ್ಜ, ನನ್ನ ಒಲೆ! ಯೆಪ್ಪೆ ಏನೋ ಕೈಚಳಕ ಮಾಡಿರಬೇಕು ಎಂದು ಅವನಿಗೊಂದು ಖಾರದ ಪತ್ರವನ್ನೂ ಶುರು ಮಾಡಿದೆ.

ಸಾಕ್ಷಿಗೆ ಬೇಕೆಂದು ಶನಿವಾರದ ಪರೀಕ್ಷೆಯ ಪ್ರತಿಯನ್ನು ಹಾಕಿದೆ. ಅವನ ಜೋಡಿ ಬಂತು, ಸಣ್ಣಗೆ. ಸರಿಯಾಗಿ ಕೇಳಲೆಂದು ಗುಂಡಿ ತಿರುಗಿಸಿ ಹೆಚ್ಚಿಸಿದೆ. ಇನ್ನೂ ಸ್ವಲ್ಪ. ಎರಡೂ ಒಂದೇ ಎತ್ತರಕ್ಕೆ ಬಂದಾಗ ನನ್ನ ಕೈ ಗುಂಡಿಯ ಮೇಲೇ ನಿಂತುಬಿಟ್ಟಿತು.

ಅಡುಗೆಮನೆಯಲ್ಲಿ ಸೀಸೆಲ್ ನಿಂತಿದ್ದಳು. ಕಂಬಳಿಯೂ ಇಲ್ಲ, ತಗಡೂ ಇಲ್ಲ. ಸೀಸೆಲ್.

ಒಲೆಯ ಗುಂಡಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ನಡುವೆ ನಿಲ್ಲುವುದಿಲ್ಲ. ಅಂದು ನಾನು ಒಂದು ಮೆಟ್ಟಿಲು ಮೇಲೇ ಇಟ್ಟಿದ್ದೆ. ಜೋರಾಗಿರುವುದು ಯಾವಾಗಲೂ ಚೆನ್ನಾಗಿದೆ ಅನ್ನಿಸುತ್ತದೆ, ಎಂಥ ಕಿವಿಗಾದರೂ. ಅದಕ್ಕೇ ಹೋಲಿಸುವ ಮೊದಲು ಮಟ್ಟ ಸರಿದೂಗಿಸಬೇಕು. ನಮ್ಮ ಕಸುಬಿನ ಮೊದಲ ವಾರದ ಪಾಠ ಅದು. ನಾನೇ ಎಷ್ಟು ಜನಕ್ಕೆ ಕಲಿಸಿದ್ದೇನೆ!

ಎರಡು ಸರದಿ ನೀರುಪಾಲು. ಯೆಪ್ಪೆಗೆ ಬರೆದ ಪತ್ರವನ್ನು ಸ್ಟವ್ವಿಗೆ ಹಾಕಿದೆ. ಆದರೆ ಬೇಸರ ಬರಬೇಕಾದ ಜಾಗದಲ್ಲಿ ಬೇರೇನೋ ಕುಣಿಯುತ್ತಿದೆ. ಇನ್ನೂ ಎರಡು ಜೋಡಿಗಳನ್ನು ನಾವು ಕೇಳಿಯೇ ಇಲ್ಲವಲ್ಲ!

ಮಾರ್ಚ್ ೯, ಶನಿವಾರ

"ಅಳೆಯೋ ಯಂತ್ರ ತೆಗಿ," ಎಂದೆ ಬಾಗಿಲಲ್ಲೇ.

"ಯಾಕೆ ಥೋರಾ? ಕಿವಿಗೆ ರಜೆ ಕೊಟ್ರಾ?"

"ನಿನ್ನ ನಾಲಿಗೆಗೆ ಕೊಡು ಮೊದಲು."

ಅವನು ನಕ್ಕು ಕಾಫಿ ಹಾಕಿದ. ಮತ್ತೇನೂ ಕೇಳಲಿಲ್ಲ. ಹದ್ದಿಗೂ ಸೌಜನ್ಯ ಇರಬಹುದು.

ಎರಡು ಮೈಕುಗಳನ್ನು ಅಕ್ಕಪಕ್ಕ ನಿಲ್ಲಿಸಿದೆವು. ಎರಡು ಪ್ರೀಆಂಪುಗಳಿಗೆ ಅದಲು ಬದಲು ಮಾಡಿದರೆ ನಾಲ್ಕು ಜೋಡಿ. ಸೀಸೆಲ್ ಚರಣವನ್ನು ಮೆಲ್ಲಗೆ, ಗಂಟಲಿಗೆ ಹೊರೆಯಾಗದಂತೆ ಹಾಡಿದಳು. ಎಲ್ಲವನ್ನೂ ಯೆಪ್ಪೆ ಒಂದೇ ಮಟ್ಟಕ್ಕೆ ತಂದ, ನಾನು ಮುಳ್ಳಿನ ಮೇಲೆ ಕಣ್ಣಿಟ್ಟು ನಿಂತೆ. ಆಮೇಲೆ ಅವನು ಪರದೆಯ ಮೇಲಿನ ಹೆಸರುಗಳನ್ನು ಮುಚ್ಚಿ, ಕಲಸಿ, ಮೀನಿನ ಹೆಸರು ಕೊಟ್ಟ: ಬಂಗುಡೆ, ಹೆರಿಂಗ್, ಕಾಡ್, ಹಾವುಮೀನು. ಈ ಮನೆಯಲ್ಲಿ ಬೇರೆ ಏನು ಹೊಳೆದೀತು?

ಕಾಡ್ ಕೇಳಿದ ಕೂಡಲೇ ಮೂಗು ಮುರಿದೆ. "ಹಿಂದೆ ಮರಳು ಸುರಿದ ಹಾಗೆ ಸದ್ದು."

ಹೆರಿಂಗ್‌ಗೆ ಸೀಸೆಲ್ ಕಿವಿ ಮುಚ್ಚಿಕೊಂಡಳು. "ಇವಳೇ ಆ ತೊಂಬತ್ತೊಂದರ ಹುಡುಗಿ."

ಹಾವುಮೀನು ಪರವಾಗಿಲ್ಲ, ಆದರೆ ಅಂಚು ಹರಿತ.

ಬಂಗುಡೆ ಬಂತು. ಸೀಸೆಲ್ ತನ್ನದೇ ದನಿಯ ಕಡೆ, ಬಹಳ ದಿನದ ಮೇಲೆ ಸಿಕ್ಕ ಗೆಳತಿಯನ್ನು ನೋಡುವ ಹಾಗೆ, ಸ್ವಲ್ಪ ತಲೆ ವಾಲಿಸಿ ನೋಡಿದಳು.

"ಇದು ನಾನು," ಎಂದಳು. "ಯೆಪ್ಪೆ, ಇದು ನಾನು ಕಣೋ!"

ಅವನು ಹೆಸರು ಬಿಚ್ಚಿದ. ಬಂಗುಡೆ: ರಿಬ್ಬನ್ ಮೈಕು, ಸಾಬೂನಿನ ಪೆಟ್ಟಿಗೆ. ಹೆರಿಂಗ್: ಅಜ್ಜ ಮತ್ತು ಒಲೆ. ಕಾಡ್ ಎಂದರೆ ಅದೇ ರಿಬ್ಬನ್, ನನ್ನ ಒಲೆಯ ಮೇಲೆ. ಪಿಸುಗುಟ್ಟುವ ಮೈಕನ್ನು ಎತ್ತಲು ಒಲೆ ಅಷ್ಟು ಏದುಸಿರು ಬಿಡಬೇಕಾಯಿತು, ಆ ಉಸಿರೇ ಮರಳಿನ ಸದ್ದು. ಅಜ್ಜನಿಗೆ ಮೊದಲೇ ಮೇಲಿನ ಸ್ವರಗಳ ಹೊಳಪು ಜಾಸ್ತಿ, ಸೀಸೆಲ್‌ಳ ದನಿಯಲ್ಲೂ ಅದೇ ಹೊಳಪು. ಕನ್ನಡಿಗೆ ಕನ್ನಡಿ ಹಿಡಿದ ಹಾಗಾಯಿತು. ಸಾಬೂನಿನ ಪೆಟ್ಟಿಗೆ ಪಿಸುಮಾತನ್ನು ಎತ್ತಿತು, ತಾನು ಬಾಯಿ ಹಾಕಲಿಲ್ಲ.

ಎಂಥ ಸೊಗಸಾದ ಕೆಲಸ ಇದು! ಇಷ್ಟು ವರ್ಷ ಬಿಟ್ಟು ಹೇಗಿದ್ದೆ?

ಯೆಪ್ಪೆ ನನಗೆ ಎರಡನೆಯ ದಾಲ್ಚಿನ್ನಿ ರೋಲ್ ಕೊಟ್ಟ. "ಹದ್ದುಗಳ ಕಡೆಯಿಂದ," ಎಂದ. ತಿಂದೆ.

ಮಾರ್ಚ್ ೧೩, ಬುಧವಾರ

ಐದು ಹಾಡು ಮುಗಿಯಬೇಕಿತ್ತು. ಎರಡು ಆದವು.

ರಿಬ್ಬನ್ ಮೈಕಿಗೆ ಹತ್ತಿರ ಹೋದರೆ ದನಿ ಉಬ್ಬುತ್ತದೆ, ದೂರ ಹೋದರೆ ಸಣ್ಣಗಾಗುತ್ತದೆ. ಅದನ್ನು ಹೇಳಬೇಡವೇ? ಗಾಜಿನ ಈಚೆಯಿಂದ ಗುಂಡಿ ಒತ್ತಿ ಹೇಳಿದೆ. ಅರ್ಧ ಹೆಜ್ಜೆ ಹಿಂದೆ. ಎರಡನೆಯ ಸಾಲಿನ ಉಸಿರು ಕೇಳಿಸಿತು, ಮತ್ತೊಮ್ಮೆ. ಆ ಪದದ ತುದಿ ನುಂಗಿದೆ, ಮತ್ತೊಮ್ಮೆ.

"ಥೋರಾ, ಗುಂಡಿ ಸವೆದುಹೋಗುತ್ತೆ," ಎಂದ ಯೆಪ್ಪೆ.

"ಸವೆದ್ರೆ ಹರಾಜಲ್ಲಿ ಇನ್ನೊಂದು ತಗೋ."

ಮೂರನೆಯ ಹಾಡಿನ ನಡುವೆ ಸೀಸೆಲ್ ಹೆಡ್‌ಫೋನ್ ತೆಗೆದು ಕುರ್ಚಿಯ ಮೇಲಿಟ್ಟಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಿತ್ತು.

"ದೊಡ್ಡಮ್ಮ, ಒಂದು ಕೇಳ್ಲಾ? ಅಮ್ಮ ನಿನ್ನೆದುರಿಗೆ ಯಾವತ್ತಾದ್ರೂ ಒಂದು ಹಾಡು ಪೂರ್ತಿ ಹಾಡಿದ್ದಾಳಾ?"

"ಇದೆಂಥ ಪ್ರಶ್ನೆ! ಅವಳು ನನ್ನ ತಂಗಿ. ದಿನಾ ಹಾಡ್ತಿದ್ಲು."

"ಪೂರ್ತಿ?" ಎಂದಳು. "ನಿಧಾನ ಯೋಚಿಸು. ನಿಂಗೆ ಎಲ್ಲಾ ನೆನಪಿರುತ್ತಲ್ಲ."

ಶಾಲು ಹೊದ್ದು ಮಧ್ಯಾಹ್ನದ ಫೆರಿ ಪಾಳಿಗೆ ಹೋದಳು.

ತಿದ್ದುವುದು ನನ್ನ ಕಸುಬು. ಅದಕ್ಕೇ ತಾನೆ ನನ್ನನ್ನು ಕರೆದದ್ದು?

ಮಾರ್ಚ್ ೧೪, ಗುರುವಾರ

ಬೆಂಚಿನ ಪತ್ರ ಮುಗಿಸಲು ಕುಳಿತೆ. ಮುಂದೆ ಹೋಗಲಿಲ್ಲ.

ಕಾರ್ನಾ ಪಾತ್ರೆ ತೊಳೆಯುತ್ತ ಹಾಡುವುದು ನೆನಪಿದೆ. ಬಟ್ಟೆ ಒಣಹಾಕುತ್ತ ಹಾಡುವುದು. ಒಂದೊಂದೂ ಎರಡನೆಯ ಸಾಲಿನವರೆಗೆ ಬರುತ್ತದೆ, ಅಲ್ಲಿ ನಾನು ಏನೋ ತಿದ್ದುತ್ತೇನೆ, ನಿಲ್ಲುತ್ತದೆ. ಅವಳಿಗೆ ಅಷ್ಟೇ ಬರುತ್ತಿತ್ತು ಎಂದುಕೊಂಡಿದ್ದೆ.

ಮಾರ್ಚ್ ೧೭, ಭಾನುವಾರ

ಮುಗಿಯಿತು! ಆರೂ ಮುಗಿದವು! ಎಲ್ಲಿಂದ ಬರೆಯಲಿ?

ಚರ್ಚಿನ ಗಂಟೆಗಳು ನಿಂತ ಮೇಲೆ ಶುರು ಮಾಡಿದೆವು. ಯೆಪ್ಪೆ ನೆಲದ ಮೇಲೆ ಟೇಪು ಅಂಟಿಸಿ ಸೀಸೆಲ್ ನಿಲ್ಲುವ ಜಾಗ ಗುರುತು ಮಾಡಿದ್ದ. ಅವಳು ಒಮ್ಮೆ ಗುರುತು ದಾಟಿದಳು, ಒಂದು ಕಡೆ ಉಸಿರೂ ಕೇಳಿಸಿತು. ನಾನು ಗುಂಡಿ ಒತ್ತಲಿಲ್ಲ. ಕಾಫಿ ಕಪ್ಪು ತುಂಬ ಬಿಸಿಯಾಗಿತ್ತು, ಹಿಡಿಯಲು ಎರಡೂ ಕೈ ಬೇಕಾಗಿದ್ದವು. ಯೆಪ್ಪೆ ನನ್ನ ಕಪ್ಪನ್ನು ಮತ್ತೆ ಮತ್ತೆ ತುಂಬಿಸುತ್ತಲೇ ಇದ್ದ. ಅಷ್ಟು ಕಾಫಿ ಯಾರು ಕುಡಿಯುತ್ತಾರೆ?

ಆಮೇಲೆ ಕೇಳಿದಾಗ ಆ ಉಸಿರು ಚೆನ್ನಾಗಿತ್ತು. ಇರಲಿ ಎಂದೆ.

ಕೊನೆಗೆ ದೀಪದ ಹಾಡು. ಜಲಸಂಧಿ ದಾಟುವವನು ದಡದವಳಿಗೆ ಹೇಳುವ ಮಾತು. ಕಾರ್ನಾ ಇದನ್ನು ಬಟ್ಟೆ ಮಡಚುವಾಗ ಗುನುಗುತ್ತಿದ್ದಳು.

ದೀಪ ಹಚ್ಚಿಡು ಕಿಟಕಿಯಲಿ,
ನಾನಿನ್ನೂ ನೀರಿನ ಮೇಲೆ.

ಇಲ್ಲಿಯವರೆಗೆ ನನಗೆ ಗೊತ್ತಿತ್ತು. ಮೂರನೆಯ ಸಾಲು ಮೇಲಕ್ಕೆ ಹೋಗುತ್ತದೆ ಎಂದೇ ಇಷ್ಟು ವರ್ಷ ಅಂದುಕೊಂಡಿದ್ದೆ, ಯಾವ ಹಾಡಾದರೂ ಹಾಗೇ ತಾನೆ ಹೋಗುವುದು. ಹೋಗುವುದಿಲ್ಲ! ಇಳಿಯುತ್ತದೆ! ಮೆಲ್ಲಗೆ, ಕತ್ತಲಲ್ಲಿ ಕಾಲಿನಿಂದ ದೋಣಿಯ ಅಂಚು ಹುಡುಕುವ ಹಾಗೆ.

ನಾನು ಬಂದರೆ ದೀಪ ನಿನ್ನದು,
ಬಾರದಿದ್ದರೂ ನಿನ್ನದೇ.

ಸೀಸೆಲ್ ಕೊನೆಯ ಪದವನ್ನು ಬಹುತೇಕ ಮಾತಿನಂತೆ ಬಿಟ್ಟಳು. ರಿಬ್ಬನ್ ಅದನ್ನೂ ಹಿಡಿಯಿತು. ಸಾಬೂನಿನ ಪೆಟ್ಟಿಗೆ ಅದನ್ನು ಎತ್ತಿ ತಂದು ನಮ್ಮ ಮಡಿಲಿಗೆ ಹಾಕಿತು. ಯೆಪ್ಪೆ ಧ್ವನಿಮುದ್ರಣ ನಿಲ್ಲಿಸಲು ಮರೆತ. ಅದರಲ್ಲಿ ನಮ್ಮ ಮೌನವೂ ಇದೆ, ಕೊನೆಗೆ ಯಾರೋ ಮೂಗು ಒರೆಸಿಕೊಂಡ ಸದ್ದು. ಯೆಪ್ಪೆಯದೇ ಇರಬೇಕು.

"ಇನ್ನೊಂದ್ಸಲ ಬೇಕಾ ದೊಡ್ಡಮ್ಮ?" ಎಂದಳು ಸೀಸೆಲ್ ಗಾಜಿನ ಆಚೆಯಿಂದ.

ಬೇಡ ಎಂದು ತಲೆಯಾಡಿಸಿದೆ. ಹೊರಗೆ ಬಂದು ಮೂವರೂ ಹೊಗೆ ಮೀನು, ಬ್ರೆಡ್ ತಿಂದೆವು. ಯೆಪ್ಪೆಗೆ ಒಲೆಯನ್ನು ಅಲ್ಲೇ ಇಟ್ಟುಕೊಳ್ಳಲು ಹೇಳಿದೆ. ಯಾವನಾದರೂ ದಪ್ಪ ದನಿಯವನು ಬಂದರೆ ಬೇಕಾದೀತು. ಅಟ್ಟಕ್ಕೆ ಹೊತ್ತುಕೊಂಡು ಹತ್ತುವುದು ನನ್ನಿಂದಾಗದು, ಅಷ್ಟೇ.

ಮಾರ್ಚ್ ೨೧, ಗುರುವಾರ

ಆಸ್ಪತ್ರೆ. ಮುಗಿದಿದೆಯಂತೆ. ಮಲಗಿದ್ದಾಳೆ. ನರವನ್ನು ಮುಟ್ಟಬೇಕಾಯಿತು, ಕತ್ತರಿಸಲಿಲ್ಲ ಎಂದರು. ದನಿಯ ಬಗ್ಗೆ ಈಗಲೇ ಏನೂ ಹೇಳುವುದಿಲ್ಲವಂತೆ.

ಯೆಪ್ಪೆ ಕಾರಿನಲ್ಲಿ ಕರೆದುಕೊಂಡು ಬಂದ.

ಮಾರ್ಚ್ ೨೩, ಶನಿವಾರ

ಸೀಸೆಲ್ ದಿಂಬಿಗೊರಗಿ ಕುಳಿತಿದ್ದಳು. ಕುತ್ತಿಗೆಗೆ ಬಿಳಿಯ ಪಟ್ಟಿ. ಸೋಮವಾರದವರೆಗೆ ಬಾಯಿ ತೆರೆಯಬಾರದು, ಪಿಸುಗುಡುವುದಂತೂ ಇನ್ನೂ ಕೆಟ್ಟದ್ದು ಎಂದು ನರ್ಸ್ ನನಗೆ ಎಚ್ಚರಿಸಿ ಹೋಗಿದ್ದಳು. ಕಣ್ಣಲ್ಲೇ ಮಾತಾಡುತ್ತಿದ್ದಳು ಹುಡುಗಿ. ಐವತ್ತೆರಡಾದರೂ ನನಗೆ ಹುಡುಗಿಯೇ.

ಹೂಕುಂಡದ ಸುದ್ದಿ ಹೇಳಹೋಗಿ ಬಿಟ್ಟೆ. ಅವಳು ನನ್ನ ಕಡೆ ಬೆರಳು ತೋರಿಸಿ, ಆಮೇಲೆ ತನ್ನ ಬಾಯಿಯ ಮುಂದೆ ಬೆರಳು ಬಿಚ್ಚಿ ತೋರಿಸಿದಳು. ನೀನು ಹಾಡು.

"ನಾನಾ? ತಲೆ ಕೆಟ್ಟಿದೆಯಾ? ನಾನು ಯಾವತ್ತು ಹಾಡಿದ್ದೇನೆ?"

ಬೆರಳು ಇಳಿಯಲಿಲ್ಲ.

ಪಕ್ಕದ ಮಂಚದ ಮುದುಕಿ ಪತ್ರಿಕೆ ಕೆಳಗಿಳಿಸಿ ಕಾಯುತ್ತಿದ್ದಳು. ಬಾಗಿಲು ನೋಡಿಕೊಂಡು, ಗಂಟಲು ಸರಿಮಾಡಿಕೊಂಡು, ದೀಪದ ಹಾಡು ಎತ್ತಿಕೊಂಡೆ. ಒಡಕು ಮಡಕೆಯ ದನಿ. ಮೊದಲ ಸಾಲು ಆಯಿತು. ಎರಡನೆಯದೂ ಆಯಿತು. ಮೂರನೆಯದನ್ನು ಇಳಿಸಿದೆ, ಗೊತ್ತಿತ್ತಲ್ಲ, ಇಳಿಯುತ್ತದೆ ಎಂದು. ಒಂದು ಮೆಟ್ಟಿಲು ಹೆಚ್ಚೇ ಇಳಿದೆ.

ಸೀಸೆಲ್ ಮುಖ ಗಂಟಿಕ್ಕಿದಳು. ಕೈಯೆತ್ತಿ ನನ್ನನ್ನು ನಿಲ್ಲಿಸಿದಳು. ನರ್ಸು, ಡಾಕ್ಟರು, ಸೋಮವಾರ, ಎಲ್ಲ ಮರೆತು ಬಾಯಿ ತೆರೆದಳು.

ಒಂದೇ ಸ್ವರ. ಸಣ್ಣದು, ನೂಲಿನಷ್ಟು. ಪಿಸುಮಾತಲ್ಲ, ಸ್ವರ! ನಾನು ತಪ್ಪಿದ ಜಾಗದಿಂದ ಒಂದು ಮೆಟ್ಟಿಲು ಮೇಲೆ, ಅದು ಇರಬೇಕಾದ ಕಡೆ, ಅಲುಗಾಡದೆ ನಿಂತಿತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕೈಗಳ ಮೇಲೆ ಕಣ್ಣು ಅಷ್ಟಗಲ.

"ಮುಂದೆ?" ಎಂದಳು ಪಕ್ಕದ ಮುದುಕಿ. "ಅರ್ಧಕ್ಕೆ ನಿಲ್ಲಿಸ್ತೀರೇನ್ರೀ?"

ನಿಲ್ಲಿಸಲಿಲ್ಲ. ಅವಳು ಕೊಟ್ಟ ಸ್ವರದಿಂದಲೇ ಎತ್ತಿಕೊಂಡೆ. ನಾಲ್ಕನೆಯ ಸಾಲಿನವರೆಗೂ ಹೋದೆ.